ನಾತದಕ್ಕನ ಬೇಲಿ

ಊರಿನ ಕೊನೆಯ ಬಸ್ ಸ್ಟಾಪಿನಲ್ಲಿ ಇಳಿದು ನಾತದಕ್ಕನ ಮನೆ ಯಾವುದೆಂದು ಕೇಳಿದರೆ ಯಾರೂ ದಾರಿ ಹೇಳುವ ಗೋಜಿಗೆ ಹೋಗುವುದಿಲ್ಲ, ಗಾಳಿ ಬರುವ ದಿಕ್ಕಿಗೆ ಕೈ ತೋರಿಸುತ್ತಾರೆ. ಆ ಹೆಸರಿಟ್ಟವರು ಮರ್ಯಾದೆ ಕೊಡಲೆಂದು ಇಟ್ಟದ್ದಲ್ಲ. ಮೊದಮೊದಲು ಅವಳಿಗೂ ಮೈಯೆಲ್ಲ ಉರಿಯುತ್ತಿತ್ತು. ಈಗ ಯಾರಾದರೂ ಅವಳ ನಿಜವಾದ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದಿರಬೇಕೆಂದು ಹಿಂದೆ ತಿರುಗಿ ನೋಡುತ್ತಾಳೆ. ಇದನ್ನೆಲ್ಲ ಊರವರ ಬಾಯಲ್ಲಿ ಕೇಳಿದರೆ ಪ್ರತಿಯೊಬ್ಬರೂ ನಡುವೆ ತಮ್ಮದೊಂದು ಪಾತ್ರ ತುರುಕುತ್ತಾರೆ, ಆದ್ದರಿಂದ ಮೊದಲಿನಿಂದ ಹೇಳುವುದೇ ವಾಸಿ.

ಅವಳು ಹುಟ್ಟಿ ಬೆಳೆದದ್ದು ಪೇಟೆಯಲ್ಲಿ, ಮೀನು ಮಾರುಕಟ್ಟೆಯ ಹಿಂದಿನ ಸಾಲುಮನೆಯಲ್ಲಿ. ಅಪ್ಪ ಮೀನು ಕತ್ತರಿಸುವವನು. ಬೆಳಿಗ್ಗೆ ಎದ್ದರೆ ಚರಂಡಿಯಲ್ಲಿ ಮೀನಿನ ಹುರುಪೆ ಹೊಳೆಯುತ್ತಿತ್ತು, ಮಧ್ಯಾಹ್ನ ಬೆಕ್ಕುಗಳ ಜಗಳ, ಸಂಜೆ ಕಟ್ಟೆಗಳಿಗೆ ನೀರು ಎರಚಿ ತೊಳೆಯುವ ಸದ್ದು. ಶಾಲೆಯಲ್ಲಿ ಅವಳು ಬೆಂಚಿನ ಈ ತುದಿಗೆ ಕೂತರೆ ಉಳಿದವರೆಲ್ಲ ಆ ತುದಿಗೆ ಒತ್ತಿಕೊಂಡು ಕೂರುತ್ತಿದ್ದರು. ಅವಳು ಅದಕ್ಕೆ ಅಳುತ್ತಾ ಕೂರಲಿಲ್ಲ. ಅರ್ಧ ಬೆಂಚು ತನ್ನದಾಯಿತೆಂದು ಪುಸ್ತಕಗಳನ್ನು ಅಗಲವಾಗಿ ಹರಡಿಕೊಂಡಳು. ಅವಳ ಜಾಯಮಾನ ಆಗಿನಿಂದಲೂ ಅದೇ.

ಮದುವೆಯಾಗಿ ಬಂದದ್ದು ಕಾಡಿನ ಅಂಚಿನ ರೈತರ ಮನೆಗೆ. ಗಂಡ ಲಾರಿ ಓಡಿಸುವವನು, ಒಳ್ಳೆಯವನು, ಆದರೆ ಮನೆಯಲ್ಲಿ ಇರುತ್ತಿದ್ದುದಕ್ಕಿಂತ ದಾರಿಯಲ್ಲಿ ಇರುತ್ತಿದ್ದುದೇ ಹೆಚ್ಚು. ಹೊಲದ ಯಜಮಾನಿಕೆ ಅವನ ಅಣ್ಣನದು. ಇವಳಿಗೆ ಭಾವ. ಮದುವೆಯ ಗೊಡವೆಗೆ ಹೋಗದೆ ದುಡಿಮೆಯಲ್ಲೇ ತಲೆ ನರೆಸಿಕೊಂಡವನು, ಮಾತನ್ನು ಬೀಜದ ಹಾಗೆ ಲೆಕ್ಕ ಹಾಕಿ ಬಿಡುವವನು. ಮನೆಯ ಮಾತೆಲ್ಲ ಅತ್ತೆಯ ಪಾಲಿಗೆ. ಅತ್ತೆಗೆ ನಾಲಿಗೆ ಎಷ್ಟು ಚುರುಕೋ ಮೂಗೂ ಅಷ್ಟೇ ಚುರುಕು. ಆಚೆ ಬೀದಿಯಲ್ಲಿ ಯಾರದೋ ಅನ್ನ ತಳ ಹಿಡಿದರೆ ಜಗಲಿಯಲ್ಲಿ ಕೂತೇ ಕೂಗಿ ಎಚ್ಚರಿಸುತ್ತಿದ್ದಳು. ಮೀನು ಕತ್ತರಿಸುವವನ ಮಗಳನ್ನು ಮನೆತುಂಬಿಸಿಕೊಂಡ ಮೇಲೆ ಮೊದಲ ವಾರವಿಡೀ ಅವಳಿಗೆ ದಿನಕ್ಕೆರಡು ಸಲ ಸ್ನಾನ ಮಾಡಿಸಿದಳು.

ಮರುವರ್ಷ ಅವಳಿಗೆ ಕೆಟ್ಟ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಿತ್ತಾ ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದಳು. ಒಂದು ಬೆಳಿಗ್ಗೆ ಗ್ಯಾಸು ಸೋರುತ್ತಿದ್ದ ಒಲೆಯ ಮುಂದೆ ನಿಂತು ಅವಳು ಕಡ್ಡಿ ಗೀರಲು ಹೊರಟಾಗ ಅತ್ತೆ ಹಿತ್ತಲಿನಿಂದ ಓಡಿಬಂದು ಕೈಗೆ ಹೊಡೆದು ಬೆಂಕಿಪೊಟ್ಟಣ ಕೆಡವಿದಳು. ಒಂದು ಗಳಿಗೆ ತಡವಾಗಿದ್ದರೆ ಮನೆ ಉಳಿಯುತ್ತಿರಲಿಲ್ಲ. ಅವತ್ತಿನಿಂದ ಅಡುಗೆಮನೆ ಅವಳಿಗೆ ಬಂದ್. ಅತ್ತೆ ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ತನ್ನ ಮನೆಯ ಒಲೆಯನ್ನು ತಾನೇ ಮುಟ್ಟಬಾರದ ಹಾಗಾಯಿತಲ್ಲ ಎಂಬ ಸಂಕಟ ಅವಳನ್ನು ಬಹಳ ದಿನ ಹಿಂಡಿತು.

ಮನೆಯೊಳಗೆ ಕೆಲಸ ಇಲ್ಲದವಳು ಹೊಲಕ್ಕೆ ಇಳಿದಳು. ರಸ್ತೆಯ ಬದಿಯಿಂದ ಹಳ್ಳದ ತನಕ ಇಳಿಜಾರಾಗಿ ಹೋಗುವ ಮುಸುಕಿನ ಜೋಳದ ಹೊಲ, ಹಳ್ಳದ ಆಚೆ ಕಾಡು. ಭಾವ ಮಾಡುವುದನ್ನು ನೋಡಿ ನೋಡಿಯೇ ಕಲಿತಳು. ಕಳೆ ತೆಗೆಯುವುದಕ್ಕೆ, ಮಣ್ಣು ಏರಿಸುವುದಕ್ಕೆ, ತೆನೆಯ ಸಿಪ್ಪೆ ಸರಿಸಿ ಕಾಳು ಹಾಲುಗಟ್ಟಿದೆಯೇ ಎಂದು ಉಗುರಿನಿಂದ ಒತ್ತಿ ನೋಡುವುದಕ್ಕೆ ಮೂಗಿನ ಹಂಗಿಲ್ಲ. ಅಲ್ಲಿ ಅವಳು ಯಾರಿಗೂ ಕಡಿಮೆಯಿರಲಿಲ್ಲ. ಆ ಹೊಲವೆಂದರೆ ಅವಳಿಗೆ ಜೀವ.

ಆದರೆ ಕಾಳು ಹಾಲುಗಟ್ಟುವ ಹೊತ್ತನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಹಳ್ಳದ ಆಚೆ ಇದ್ದರು. ಆನೆಗಳು ಹಿಂಡಾಗಿ ಬಂದು ತಿಂದದ್ದಕ್ಕಿಂತ ಹೆಚ್ಚು ತುಳಿದು ಹೋಗುತ್ತಿದ್ದವು. ಊರವರು ತಗಡು ಬಡಿದರು, ಪಟಾಕಿ ಹಚ್ಚಿದರು, ಪಂಜು ಹಿಡಿದು ಓಡಾಡಿದರು. ಮೊದಲ ವರ್ಷ ಆನೆಗಳು ಓಡಿದವು, ಎರಡನೇ ವರ್ಷ ನಿಂತು ನೋಡಿದವು, ಆಮೇಲೆ ತಗಡಿನ ಸದ್ದನ್ನು ಊಟದ ಗಂಟೆ ಎಂದುಕೊಂಡವೋ ಏನೋ, ಬಡಿದ ಕಡೆಗೇ ಬರತೊಡಗಿದವು. ಸತತವಾಗಿ ಬೆಳೆ ಹಾಳಾಗಿ ಭಾವ ಕುಗ್ಗಿಹೋದ. ಒಂದು ದಿನ ಊಟದ ತಟ್ಟೆಯ ಮುಂದೆ ಕೂತು, ಈ ಸಲದ ಬೆಳೆಯೂ ಆನೆ ಪಾಲಾದರೆ ಹೊಲ ಬಿಟ್ಟು ಪೇಟೆಗೆ ಹೋಗಿಬಿಡೋಣ, ಬಾಡಿಗೆ ಕೋಣೆ ನೋಡಿದ್ದೇನೆ, ಮಂಡಿಯಲ್ಲಿ ಮೂಟೆ ಹೊತ್ತಾದರೂ ಬದುಕುತ್ತೇನೆ ಎಂದ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಪೇಟೆಯ ಕೋಣೆಯಲ್ಲಿ ಇರುವುದು ಒಂದು ಒಲೆ, ನಾಲ್ಕು ಗೋಡೆ. ಒಲೆ ಮುಟ್ಟುವ ಹಾಗಿಲ್ಲ, ಹೊಲ ಇಲ್ಲ, ಅಲ್ಲಿ ತಾನು ಏನಾಗಿ ಬದುಕಬೇಕು ಎಂದು ಅವಳಿಗೆ ದಿಕ್ಕೇ ತೋಚಲಿಲ್ಲ.

ಆ ಬಿತ್ತನೆ ಮುಗಿದ ಮೇಲೆ ಅರಣ್ಯ ಇಲಾಖೆಯ ಹುಡುಗಿಯೊಬ್ಬಳು ಬಂದು ಶಾಲೆಯಲ್ಲಿ ಸಭೆ ಕರೆದಳು. ಆನೆ ಲೋಕವನ್ನು ತಿಳಿಯುವುದು ಸೊಂಡಿಲಿನಿಂದ, ಅದಕ್ಕೆ ಅಸಹ್ಯವಾದ ವಾಸನೆಯನ್ನೇ ಬೇಲಿ ಮಾಡಿದರೆ ಏಟಿಲ್ಲದೆ ಗಾಯವಿಲ್ಲದೆ ಮುಖ ತಿರುಗಿಸಿ ಹೋಗುತ್ತದೆ ಎಂದು ವಿವರಿಸಿದಳು. ಕೊಳೆತ ಮೊಟ್ಟೆ, ಮೀನು, ಬೆಳ್ಳುಳ್ಳಿ, ಶುಂಠಿ, ಖಾರದ ಮೆಣಸಿನಕಾಯಿ, ಸಗಣಿ, ಕಹಿ ಸೊಪ್ಪು, ಎಣ್ಣೆ, ಎಲ್ಲವನ್ನೂ ಕುದಿಸಿ ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಕೊಳೆಸಬೇಕು, ದಿನವೂ ಕದಡಬೇಕು, ಆಮೇಲೆ ಮೇಲುಗಡೆ ತೂತು ಹಾಕಿದ ಬಾಟಲಿಗಳಲ್ಲಿ ತುಂಬಿ ಹೊಲದ ಸುತ್ತ ತಂತಿಗೆ ನೇತುಹಾಕಬೇಕು. ಜನ ತಲೆದೂಗಿದರು. ಆಮೇಲೆ ಅವಳು ಮಾದರಿಗೆಂದು ತಂದಿದ್ದ ಬಾಟಲಿಯ ಮುಚ್ಚಳ ತೆಗೆದಳು. ಮುಂದಿನ ಸಾಲಿನಲ್ಲಿ ಗತ್ತಿನಿಂದ ಕೂತಿದ್ದವರು ಮೊದಲು ಎದ್ದರು, ಕಿಟಕಿಗೆ ಹತ್ತಿರವಿದ್ದವರು ಕಿಟಕಿಯಿಂದಲೇ ಹೋದರು. ಕೋಣೆಯಲ್ಲಿ ಉಳಿದದ್ದು ಇಬ್ಬರೇ, ಮೂಗಿಗೆ ಬಟ್ಟೆ ಕಟ್ಟಿಕೊಂಡ ಇಲಾಖೆಯ ಹುಡುಗಿ, ಏನೂ ಕಟ್ಟಿಕೊಳ್ಳದೆ ಗಲ್ಲಕ್ಕೆ ಕೈಕೊಟ್ಟು ಕೂತ ಇವಳು.

"ನಿಮಗೆ ಏನೂ ಅನ್ನಿಸ್ತಾ ಇಲ್ವಾ?" ಎಂದಳು ಹುಡುಗಿ.

"ನನಗೆ ವಾಸನೆ ಗೊತ್ತಾಗಲ್ಲಮ್ಮ," ಎಂದಳು ಇವಳು. "ಕಲಿಸಿಕೊಡು, ನಾನು ಮಾಡ್ತೀನಿ."

ಹಿತ್ತಲಿನ ತುದಿಯಲ್ಲಿ ಡ್ರಮ್ಮು ಕೂತಿತು. ಅಪ್ಪನ ಮಾರುಕಟ್ಟೆಯಿಂದ ಮೀನಿನ ತಲೆ, ಕರುಳುಗಳ ಡಬ್ಬಿಗಳು ಬಂದವು. ಹುಡುಗಿ ಎರಡು ಸಲ ಬಂದು ಕೈಹಿಡಿದು ಕಲಿಸಿದಳು. ಮಧ್ಯಾಹ್ನದ ಬಿಸಿಲಿನಲ್ಲಿ ಉದ್ದನೆಯ ಕೋಲಿನಿಂದ ಇವಳು ಕದಡುತ್ತಿದ್ದರೆ ಇಡೀ ಬೀದಿಯ ಬಾಗಿಲುಗಳು ಪಟಪಟನೆ ಮುಚ್ಚುತ್ತಿದ್ದವು. ನಾತದಕ್ಕ ಎಂಬ ಹೆಸರು ಹುಟ್ಟಿದ್ದು ಆ ಮೊದಲ ವಾರದಲ್ಲೇ. ಮಗಳ ಮನೆಯ ನೆಂಟರು ಬರುವುದನ್ನೇ ನಿಲ್ಲಿಸಿದರೆಂದು ಪಕ್ಕದ ಮನೆಯ ದರ್ಜಿ ಜಗಳಕ್ಕೆ ಬಂದ, ಹಿತ್ತಲಿನ ಬಾಗಿಲ ತನಕ ಬಂದವನು ಜಗಳ ಶುರು ಮಾಡುವುದಕ್ಕೆ ಬಾಯಿ ತೆರೆಯಲಾಗದೆ ವಾಪಸು ಹೋದ.

ಆದರೆ ಒಂದು ತೊಡಕಿತ್ತು. ಮದ್ದು ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದು ಕದಡುವವಳಿಗೇ ತಿಳಿಯುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಅತ್ತೆಯ ಮುಂದೆ ನಿಂತು ನಿಮ್ಮ ಮೂಗು ಬೇಕು ಎಂದಳು. ಅತ್ತೆ ಬೈದಳು, ಬೈಯುತ್ತಲೇ ಎದ್ದು ಬಂದಳು. ಮಗ ಮೂಟೆ ಹೊರುವುದನ್ನು ನೋಡುವ ಆಸೆ ಅವಳಿಗೂ ಇರಲಿಲ್ಲ. ದಿನಾ ಡ್ರಮ್ಮಿನ ಬಳಿ ಬಗ್ಗಿ ಮೂಸಿ ಅವಳು ಬೈಯುವ ರೀತಿಯಲ್ಲೇ ಸೊಸೆ ಹದ ತಿಳಿಯತೊಡಗಿದಳು. ಥೂ ಎಂದಷ್ಟೇ ಉಗುಳಿದರೆ ಇನ್ನೂ ಎಳಸು. ಇಲಾಖೆಯವರಿಗೆ ಶಾಪ ಹಾಕಿದರೆ ಹುದುಗು ಹಿಡಿದಿದೆ. ಒಂದು ಬೆಳಿಗ್ಗೆ ಅತ್ತೆ ಮುಚ್ಚಳ ಸರಿಸಿದವಳೇ ಸೊಸೆಯ ತವರಿನ ಏಳು ತಲೆಮಾರನ್ನೂ ಒಬ್ಬೊಬ್ಬರನ್ನಾಗಿ ಹಿಡಿದು ಜಾಲಾಡಿದಳು, ಆಮೇಲೆ ಬಾವಿಕಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಇವಳಿಗೆ ಹಿಗ್ಗೋ ಹಿಗ್ಗು. ಅಂದೇ ಮದ್ದನ್ನು ಬಾಟಲಿಗಳಿಗೆ ತುಂಬಿದಳು.

ಬೇಲಿ ಗೆದ್ದಿತು. ಹಳ್ಳ ದಾಟಿ ಬಂದ ಹಿಂಡು ತಂತಿಯ ಹತ್ತಿರ ಬಂದು, ನಿಂತು, ಪಕ್ಕಕ್ಕೆ ಸರಿದು ಹೋದ ಹೆಜ್ಜೆಗಳು ಬೆಳಿಗ್ಗೆ ಕೆಸರಿನಲ್ಲಿ ಕಾಣುತ್ತಿದ್ದವು. ಅದನ್ನು ನೋಡಲು ಊರವರು ಗುಂಪುಗುಂಪಾಗಿ ಬಂದರು. ಮೂಗು ಮುಚ್ಚಿಕೊಂಡೇ ಬಂದರು, ಆದರೆ ಬಂದರು. ಭಾವ ಮಾತ್ರ ತೆನೆ ಮನೆಗೆ ಬರುವ ತನಕ ನಂಬಲಾರೆ ಎನ್ನುವ ಹಾಗೆ ದಿನಾ ಬೆಳಿಗ್ಗೆ ಆ ಹೆಜ್ಜೆಗಳನ್ನು ಎಣಿಸುತ್ತಿದ್ದ. ಅತ್ತೆಯಾದರೋ ಪೂರ್ತಿ ಬದಲಾದಳು. ಬಾಟಲಿಗಳಿಗೆ ಆಗಾಗ ಮದ್ದು ಮರುತುಂಬಬೇಕಿತ್ತಲ್ಲ, ಸೊಸೆಯ ಜೊತೆ ಡ್ರಮ್ಮಿನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು ಹಳೆಯ ಕಥೆಗಳನ್ನು ಬಿಚ್ಚತೊಡಗಿದಳು. ದಿನಾ ಸಂಜೆ ಬೇಲಿಯುದ್ದಕ್ಕೂ ನಡೆದು, ಗಾಳಿ ಮೂಸಿ, ನಾತ ಇದೆ, ಹೊಟ್ಟೆ ತೊಳಸುತ್ತೆ ಎಂದು ಸರ್ಟಿಫಿಕೇಟು ಕೊಡುವುದು ಅವಳ ಕೆಲಸವಾಯಿತು. ಬೈಗುಳ ನಿಂತೇಹೋಯಿತು. ಅತ್ತೆಗೆ ತನ್ನ ಮೇಲೆ ಪ್ರೀತಿ ಬಂದಿದೆ ಎಂದುಕೊಂಡ ಸೊಸೆ ಅದರಲ್ಲಿ ಬೇರೇನನ್ನೂ ಕಾಣಲಿಲ್ಲ.

ಕೊಯ್ಲಿಗೆ ಇನ್ನು ಕೆಲವೇ ದಿನವಿತ್ತು. ನಡುವೆ ಒಂದಿಷ್ಟು ಮಳೆ ಹೊಡೆದು, ಹಿಂದೆಯೇ ಉರಿಬಿಸಿಲು ಬಿದ್ದಿತ್ತು. ಮಧ್ಯಾಹ್ನ ಅವಳು ರಸ್ತೆ ಬದಿಯಲ್ಲಿ ಕುಡುಗೋಲು ಮಸೆಯುತ್ತಾ ಕೂತಿದ್ದಾಗ ಪೇಟೆಯ ಬಸ್ಸು ಬಂತು. ಆ ಹೊಲ ಬಂದರೆ ಬಸ್ಸಿನ ಕಿಟಕಿಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳುವುದು ಆಗಿನ ವಾಡಿಕೆ. ಅವತ್ತು ಒಂದೂ ಮುಚ್ಚಿರಲಿಲ್ಲ. ಒಬ್ಬಾಕೆ ಕಿಟಕಿಗೆ ಮೊಣಕೈ ಊರಿ ಆರಾಮಾಗಿ ಕಡಲೆಕಾಯಿ ಬಿಡಿಸುತ್ತಿದ್ದಳು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಇವಳನ್ನು ಕಂಡು ನಕ್ಕ.

"ಏನಕ್ಕಾ, ಮದ್ದು ಹಾಕೋದು ಬಿಟ್ಟುಬಿಟ್ರಾ? ಇವತ್ತು ಉಸಿರಾಡೋ ಹಾಗಿದೆಯಲ್ಲ!"

ಅವನು ಒಳ್ಳೆಯದಾಯಿತೆಂದು ಹೇಳಿದ ಮಾತು ಅವಳ ಎದೆ ಒಡೆಯಿತು. ಕುಡುಗೋಲು ಬಿಟ್ಟು ಮನೆಗೆ ಓಡಿದಳು. ಅತ್ತೆ ಒಪ್ಪಲಿಲ್ಲ. ನಿನ್ನೆ ಸಂಜೆ ತಾನೇ ಮೂಸಿದ್ದೇನೆ, ಈಗಲೂ ಇಲ್ಲಿಗೇ ಬರುತ್ತಿದೆ, ನನ್ನ ಮೂಗು ಯಾವತ್ತಾದರೂ ಸುಳ್ಳು ಹೇಳಿದೆಯಾ ಎಂದು ಜಗಳಕ್ಕೆ ನಿಂತಳು. ಸೊಸೆ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಸೆರಗಿನ ತುಂಬ ಮದ್ದಿನ ಕಲೆ, ಕೈಯ ಬಳೆಯ ಸಂದಿಯಲ್ಲಿ ಮದ್ದು, ತಲೆಯ ತುರುಬಿನಲ್ಲೂ ಮದ್ದು. ಅತ್ತೆಯನ್ನು ಬಚ್ಚಲಿಗೆ ನೂಕಿ, ತಲೆಗೂ ಮೈಗೂ ಸೋಪು ತಿಕ್ಕಿ ಬಿಸಿನೀರು ಸುರಿದು, ಪೆಟ್ಟಿಗೆಯ ತಳದಲ್ಲಿದ್ದ ಹೊಸ ಸೀರೆ ಉಡಿಸಿ, ಕೈ ಹಿಡಿದು ಬೇಲಿಯ ಹತ್ತಿರ ಎಳೆದೊಯ್ದಳು. ಅತ್ತೆ ಮೊದಲ ಬಾಟಲಿಗೆ ಮೂಗು ಹಚ್ಚಿದಳು. ಎರಡನೆಯದಕ್ಕೆ ಹಚ್ಚಿದಳು. ಮಳೆ ನೀರು ಒಳಗಿಳಿದು ಮದ್ದು ತೊಳೆದುಹೋಗಿತ್ತು, ಬಿಸಿಲಿಗೆ ಉಳಿದದ್ದೂ ಆರಿತ್ತು. ಅತ್ತೆ ಬದುವಿನ ಮೇಲೆ ಕುಸಿದು ಕೂತಳು.

"ಇಷ್ಟು ದಿನ ನನ್ನ ಸೀರೆಯನ್ನೇ ಮೂಸ್ಕೊಂಡು ಓಡಾಡ್ತಿದ್ನಲ್ಲೇ," ಎಂದು ಗಳಗಳನೆ ಅತ್ತಳು. "ಕೈಯಾರೆ ಹೊಲ ಕಳೆದುಬಿಟ್ನಲ್ಲೇ."

"ಇನ್ನೂ ಕಳ್ಕೊಂಡಿಲ್ಲ ಅತ್ತೆ," ಎಂದಳು ಸೊಸೆ. "ಏಳಿ, ಅಳೋಕೆ ಆಮೇಲೆ ಪುರಸೊತ್ತಿರುತ್ತೆ."

ಹಳ್ಳದ ದಂಡೆಯಲ್ಲಿ ಭಾವ ಆಗಷ್ಟೇ ಆನೆಯ ಹಸಿ ಲದ್ದಿ ಕಂಡು ಬಂದಿದ್ದ. ಡ್ರಮ್ಮಿನ ತಳದಲ್ಲಿ ಉಳಿದಿದ್ದ ಮದ್ದು ಎಲ್ಲ ಬಾಟಲಿಗಳಿಗೆ ಸಾಲುವಂತಿರಲಿಲ್ಲ. ನೀರು ಬೆರೆಸಿ ಎಲ್ಲ ಕಡೆಗೂ ಹಂಚೋಣ ಎಂದ ಅವನು. ಇವಳು ಮೊದಲ ಬಾರಿಗೆ ಅವನ ಮಾತಿಗೆ ಅಡ್ಡ ನಿಂತಳು. ತೆಳ್ಳಗೆ ಮಾಡಿದರೆ ಎಲ್ಲ ಕಡೆಯೂ ಸೋಲುತ್ತೇವೆ, ಹಳ್ಳದ ಬದಿಗೆ ಗಟ್ಟಿಯಾಗಿಯೇ ತುಂಬೋಣ, ಮುಗಿದಲ್ಲಿ ಮುಗಿಯಲಿ ಎಂದಳು. ಭಾವ ಅವಳ ಮುಖ ನೋಡಿ, ಮೂಗಿಗೆ ಟವೆಲು ಬಿಗಿದುಕೊಂಡು ಬಾಟಲಿ ಇಳಿಸಲು ಹೊರಟ. ಅತ್ತೆ ಹೊಸ ಸೀರೆಯಲ್ಲೇ ಬಾಟಲಿಗಳ ತಳದ ನೀರು ಚೆಲ್ಲಿ ಕೊಟ್ಟಳು, ಇವಳು ತುಂಬಿದಳು, ಭಾವ ಕಟ್ಟಿದ. ಸಂಜೆಯಾಗುತ್ತಾ ಬಂದರೂ ಮೂವರಲ್ಲಿ ಯಾರೂ ಸೊಂಟ ನೇರ ಮಾಡಲಿಲ್ಲ. ಆದರೂ ಕೆಳಗಿನ ಮೂಲೆಗೆ ಬರುವಷ್ಟರಲ್ಲಿ ಮದ್ದು ಮುಗಿಯಿತು. ಆ ಮೂಲೆಯಲ್ಲಿ ಬಾಟಲಿಗಳು ಬರಿದಾಗಿಯೇ ನೇತಾಡುತ್ತಿದ್ದವು.

ಹೊತ್ತು ಮುಳುಗುವ ಮುನ್ನವೇ ಹಿಂಡು ಬಂತು. ಮುಂದೆ ಮುದಿ ತಾಯಿಯಾನೆ, ಹಿಂದೆ ಮರಿಗಳು, ಅವುಗಳ ಹಿಂದೆ ಉಳಿದವು. ಮನೆಯವರು ಮೇಲಿನ ಬದುವಿನಲ್ಲಿ ನಿಂತು ನೋಡಿದರು. ಮುದಿಯಾನೆ ತಂತಿಯ ಹತ್ತಿರ ಬಂದು ಸೊಂಡಿಲೆತ್ತಿತು, ಥಟ್ಟನೆ ಮಡಚಿಕೊಂಡಿತು, ತಲೆ ಕೊಡವಿತು. ಅದು ವಾಪಸು ಹೋಗಲಿಲ್ಲ. ಬೇಲಿಯ ಗುಂಟ ನಿಧಾನವಾಗಿ ನಡೆಯುತ್ತಾ, ಅಲ್ಲಲ್ಲಿ ನಿಂತು ಸೊಂಡಿಲು ಚಾಚಿ ನೋಡುತ್ತಾ, ಎಲ್ಲಿ ದಾರಿಯಿದೆ ಎಂದು ಹುಡುಕಹತ್ತಿತು. ಅದು ನಡೆಯುತ್ತಿದ್ದುದು ಕೆಳಗಿನ ಮೂಲೆಯ ಕಡೆಗೆ.

ಅಲ್ಲಿಗೆ ಮುಗಿಯಿತು ಎಂದುಕೊಂಡು ಭಾವ ಕಣ್ಣು ಮುಚ್ಚಿದ. ಇವಳು ಡ್ರಮ್ಮಿನ ಕಡೆ ಓಡಿದಳು. ಮದ್ದು ಮುಗಿದಿತ್ತು, ಮಡ್ಡಿ ಮುಗಿದಿರಲಿಲ್ಲ. ತಿಂಗಳುಗಟ್ಟಲೆ ತಳಕ್ಕೆ ಅಂಟಿ ಕೂತ, ಕೋಲಿಗೂ ಬಗ್ಗದ ಗಟ್ಟಿ ಮಡ್ಡಿ. ಡ್ರಮ್ಮನ್ನು ಅಡ್ಡ ಕೆಡವಿ ಉರುಳಿಸತೊಡಗಿದವಳನ್ನು ಕಂಡು ಭಾವನಿಗೆ ಅರ್ಥವಾಯಿತು, ಅವನೂ ಓಡಿಬಂದು ಹೆಗಲು ಕೊಟ್ಟ. ಹಿತ್ತಲು ದಾಟಿ, ಬದು ದಾಟಿ, ಅಂಚಿನ ಕಾಲುದಾರಿಯ ಇಳಿಜಾರಿನಲ್ಲಿ ಇಬ್ಬರೂ ಅದರ ಹಿಂದೆ ಬಿದ್ದೆದ್ದು ಓಡಿದರು. ಹಿಂಡು ಇನ್ನೂ ದೂರದಲ್ಲಿತ್ತು, ಆದರೆ ಬರುತ್ತಿತ್ತು. ಮೂಲೆಯ ಕಂಬದ ಹತ್ತಿರ ಮುಚ್ಚಳ ಕಿತ್ತಾಗ ಭಾವ ಎರಡು ಹೆಜ್ಜೆ ಹಿಂದೆ ಸರಿದು, ಯಜಮಾನಿಕೆಯನ್ನೆಲ್ಲ ಬದಿಗಿಟ್ಟು ಬಗ್ಗಿ ವಾಂತಿ ಮಾಡತೊಡಗಿದ. ಅವಳು ರವಿಕೆಯ ತೋಳು ಮಡಚಿ, ಡ್ರಮ್ಮಿನೊಳಗೆ ಅರ್ಧ ಮೈ ತೂರಿಸಿ, ಎರಡೂ ಕೈಯಿಂದ ಮಡ್ಡಿ ಬಾಚಿ ಬಾಚಿ ಕಂಬಕ್ಕೆ, ತಂತಿಗೆ, ಬರಿದಾದ ಬಾಟಲಿಗಳಿಗೆ ಮೆತ್ತಿದಳು. ಅಂಥ ಕೆಲಸ ಆ ಊರಿನಲ್ಲಿ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಮೆತ್ತಿ ಮುಗಿಸಿ ಭಾವನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡು ಬಂದಳು.

ಮುದಿಯಾನೆ ಮೂಲೆಗೆ ಬಂತು. ಸೊಂಡಿಲು ಮುಂದಕ್ಕೆ ಚಾಚಿತು. ಗಾಳಿ ಅದರ ಕಡೆಗೇ ಇತ್ತು. ಅದು ಒಮ್ಮೆ ದೊಡ್ಡದಾಗಿ ಸೀನಿತು, ಕಿವಿ ಅಗಲಿಸಿತು, ಬಾಲ ಎತ್ತಿಕೊಂಡು ಗಿರ್ರನೆ ತಿರುಗಿತು. ತಾಯಿ ಹೊರಟ ಮೇಲೆ ಉಳಿದವು ಯಾಕೆ ನಿಂತಾವು? ಇಡೀ ಹಿಂಡು ಹಳ್ಳದ ನೀರು ಚೆಲ್ಲಾಡಿಕೊಂಡು ಕಾಡು ಸೇರಿತು. ಅತ್ತೆ ಬದುವಿನ ಮೇಲೆ ಕೈಯೆತ್ತಿ ಕುಣಿಯುತ್ತಿದ್ದಳು. ಇವಳು ಮಣ್ಣಿನಲ್ಲಿ ಕೂತು, ಮೊಣಕೈ ತನಕ ಮಡ್ಡಿ ಮೆತ್ತಿಕೊಂಡು, ಹೊಟ್ಟೆ ಹಿಡಿದು ನಕ್ಕಳು. ತಾನು ಗೆದ್ದೆ ಎಂದು ಅವಳು ಯಾರಿಗೂ ಹೇಳಬೇಕಾಗಿರಲಿಲ್ಲ.

ಮರುದಿನದಿಂದಲೇ ಕೊಯ್ಲು ಹಿಡಿದರು. ಊರಿನ ಅರ್ಧ ಜನ ಕೈಜೋಡಿಸಿದರು, ದರ್ಜಿಯೂ ಬಂದ, ತನ್ನ ಅಳಿಯನ ಊರಿನಲ್ಲೂ ಆನೆಯ ಕಾಟ, ಒಂದು ಡ್ರಮ್ಮು ಇಡಿಸಿಕೊಡಬೇಕು ಎಂದು ಗೋಗರೆದ. ತೆನೆಯ ರಾಶಿ ಜಗಲಿ ತುಂಬಿ, ನಡುಮನೆ ತುಂಬಿ, ಮಲಗುವ ಕೋಣೆಗೂ ನುಗ್ಗಿತು. ಮನೆಯವರು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಹಾಗಾಯಿತು, ಯಾರೂ ಬೇಸರಪಡಲಿಲ್ಲ. ಲಾರಿಯಿಂದ ಇಳಿದು ಬಂದ ಗಂಡ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡಲು ಜಾಗವಿಲ್ಲದ್ದನ್ನು ನೋಡಿ ಬಾಯಿ ಬಿಟ್ಟ. ಅತ್ತೆ ಅವನಿಗೆ ಇಡೀ ಕಥೆಯನ್ನು ಹೇಳಿದಳು, ತನ್ನ ಸೀರೆಯ ಭಾಗವನ್ನು ಮಾತ್ರ ಸ್ವಲ್ಪ ಬೇಗ ದಾಟಿಸಿದಳು.

ಭಾವ ಪೇಟೆಗೆ ಹೋಗಿ ಬಾಡಿಗೆ ಕೋಣೆ ಬೇಡವೆಂದು ಹೇಳಿ ಬಂದ. ಬಂದವನು ಮನೆಗೆ ಹೋಗದೆ ನೇರ ಹೊಲಕ್ಕೆ ಇಳಿದ. ಕೊಯ್ದ ದಂಟುಗಳ ನಡುವೆ ಅವಳು ಉಳಿದ ತೆನೆ ಆಯುತ್ತಿದ್ದಳು. ಅವನು ಬಂದು ಪಕ್ಕದಲ್ಲಿ ನಿಂತು, ಒಂದು ಹಿಡಿ ಮಣ್ಣು ತೆಗೆದು ಬೆರಳ ಸಂದಿಯಿಂದ ಉದುರಿಸಿದ.

"ಮುಂದಿನ ಸಲ ಏನು ಬಿತ್ತೋಣ?" ಎಂದ.

ಅಷ್ಟು ವರ್ಷಗಳಲ್ಲಿ ಬಿತ್ತನೆಯ ಮಾತಿಗೆ ಆ ಮನೆಯಲ್ಲಿ ಯಾರೂ ಅವಳನ್ನು ಕರೆದಿರಲಿಲ್ಲ. ತನ್ನನ್ನೇ ಕೇಳುತ್ತಿದ್ದಾನೆಂದು ಖಾತ್ರಿಯಾದ ಮೇಲೆ ಅವಳ ಕಣ್ಣು ತುಂಬಿ ಬಂತು, ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ಹೊಲವನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು.

"ಜೋಳಾನೇ ಬಿತ್ತೋಣ ಭಾವ," ಎಂದಳು. "ಹಳ್ಳದ ದಂಡೆ ತನಕ."

ಭಾವ ತಲೆಯಾಡಿಸಿ, ಬಿತ್ತನೆಯ ಬೀಜಕ್ಕೆ ಒಳ್ಳೆಯ ತೆನೆ ಯಾವುದು ತೋರಿಸು ಎಂದು ಬುಟ್ಟಿಯನ್ನು ಅವಳ ಮುಂದೆ ಇಟ್ಟ.